ಡಾಂಬರಿನ ಅಡಿಯಲ್ಲೊಂದು ಬೆಳಕಿನ ಎಳೆ

ರಸ್ತೆಗೆ ಹೊಸ ಡಾಂಬರು ಬಿದ್ದ ವಾರದಲ್ಲೇ ಯಾರಾದರೂ ಬಂದು ಅದನ್ನು ಅಗೆಯುತ್ತಾರೆ ಎಂಬುದು ಬೆಂಗಳೂರಿನ ಹಳೆಯ ನಗೆಮಾತು. ನೀರಿನವರು ಮುಚ್ಚಿ ಹೋದ ಗುಂಡಿಯನ್ನು ಕರೆಂಟಿನವರು ತೆರೆಯುತ್ತಾರೆ. ಅವರು ಮುಚ್ಚಿದ್ದನ್ನು ಕೇಬಲ್ಲಿನವರು ತೆರೆಯುತ್ತಾರೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ನಿವಾಸಿಗಳಿಗೆ ಇದು ನಗೆಯೂ ಹೌದು, ಸಂಕಟವೂ ಹೌದು. ಈಚಿನ ವರ್ಷಗಳ ಅಗೆತದಲ್ಲಿ ಬಹುಪಾಲು ನಡೆಯುವುದು ಕೂದಲೆಳೆಯಷ್ಟು ತೆಳುವಾದ ಗಾಜಿನ ತಂತುವಿಗಾಗಿ. ಆ ಎಳೆ ಬರುವ ಮೊದಲೇ ರಸ್ತೆಯ ಕೆಳಗೆ ಬೇರೆ ಬೇರೆ ಕಾಲದ ಕೊಳವೆಗಳು, ತಂತಿಗಳು ಪದರ ಪದರವಾಗಿ ಮಲಗಿದ್ದವು. ಅವುಗಳನ್ನು ಹೂಳಿದ ನಗರ ಅವನ್ನು ನೆನಪಿನಲ್ಲಿಟ್ಟುಕೊಂಡಿತೇ ಎಂಬುದೇ ಇಂದಿನ ಪ್ರಶ್ನೆ.

ನಕ್ಷೆ ಹಾಕಿ ಕಟ್ಟಿದ ಬಡಾವಣೆಗಳು

ಕೆಂಗೇರಿ ಹಳೆಯ ಊರು. 1882ರಲ್ಲಿ ಬೆಂಗಳೂರು–ಮೈಸೂರು ರೈಲುಮಾರ್ಗ ಪೂರ್ಣಗೊಂಡಾಗ ಅದರ ಪಕ್ಕದಲ್ಲೇ ಇದ್ದ ಊರು ಅದು. ಆದರೆ ಅದರ ಉತ್ತರಕ್ಕಿರುವ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಬಹುಭಾಗ ಇಪ್ಪತ್ತನೆಯ ಶತಮಾನದ ದ್ವಿತೀಯಾರ್ಧದಲ್ಲಿ ನಕ್ಷೆ ಹಾಕಿ ಕಟ್ಟಿದ್ದು. 1945ರಲ್ಲಿ ನಗರದ ವಿಸ್ತರಣೆಗೆಂದೇ ಒಂದು ಮಂಡಳಿ ಹುಟ್ಟಿತು. ಜನರ ಬಾಯಲ್ಲಿ ಅದು ಸಿ.ಐ.ಟಿ.ಬಿ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಕೈಗಾರಿಕಾ ಉಪನಗರವಾಗಿ ರೂಪುಗೊಂಡ ಬಡಾವಣೆಗೆ ಆಗ ಗವರ್ನರ್ ಜನರಲ್ ಆಗಿದ್ದ ಸಿ. ರಾಜಗೋಪಾಲಾಚಾರಿಯವರ ಹೆಸರು ಬಂತು. 1976ರಲ್ಲಿ ಮಂಡಳಿಯ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದಿತು.

ಇಂತಹ ಬಡಾವಣೆಗಳಲ್ಲಿ ರಸ್ತೆಯ ಒಡಲಿಗೂ ಒಂದು ಕ್ರಮವಿತ್ತು. ಒಳಚರಂಡಿ ಎಲ್ಲಕ್ಕಿಂತ ಆಳದಲ್ಲಿ. ಏಕೆಂದರೆ ಕೊಳಚೆ ಇಳಿಜಾರು ಹಿಡಿದು ತಾನಾಗಿಯೇ ಹರಿಯಬೇಕು. ಪಶ್ಚಿಮ ಬೆಂಗಳೂರಿನ ಬಹುಭಾಗದ ಇಳಿಜಾರು ವೃಷಭಾವತಿ ಕಣಿವೆಯ ಕಡೆಗೆ. ಕುಡಿಯುವ ನೀರಿನ ಕೊಳವೆ ಅದಕ್ಕಿಂತ ಮೇಲೆ, ಕೊಂಚ ದೂರದಲ್ಲಿ. ಒಡೆದರೂ ಕೊಳಚೆ ಸೇರಬಾರದೆಂಬುದು ಇದರ ಉದ್ದೇಶ. 1905ರ ಆಗಸ್ಟ್‌ನಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪ ಬೆಳಗಿದಂದಿನಿಂದ ತಂತಿಗಳು ಹೆಚ್ಚಾಗಿ ಕಂಬಗಳ ಮೇಲೆಯೇ ಉಳಿದವು. ನೀರು 1933ರಿಂದ ಪಶ್ಚಿಮದ ತಿಪ್ಪಗೊಂಡನಹಳ್ಳಿಯಿಂದ ಬಂತು, 1974ರಿಂದ ಸುಮಾರು ನೂರು ಕಿಲೋಮೀಟರ್ ದೂರದ ಕಾವೇರಿಯಿಂದ ಬಂತು. ಇವೆರಡನ್ನೂ ನೋಡಿಕೊಳ್ಳಲು 1964ರಲ್ಲಿ ಜಲಮಂಡಳಿ ಹುಟ್ಟಿತ್ತು.

ಯಾವ ಕೊಳವೆ ಎಲ್ಲಿ ತಿರುಗುತ್ತದೆ, ಯಾವ ಕೀಲು ಸಡಿಲ ಎಂಬುದು ಕಾಗದದ ಮೇಲೆ ಇದ್ದದ್ದಕ್ಕಿಂತ ಹೆಚ್ಚಾಗಿ ವಾಲ್ವ್‌ಮನ್‌ನ ತಲೆಯಲ್ಲಿತ್ತು. ಅವನು ನಿವೃತ್ತನಾದರೆ ನಕ್ಷೆಯೂ ನಿವೃತ್ತ. ಈ ಕೊರತೆ ಆಗ ದೊಡ್ಡದಾಗಿ ಕಾಣಲಿಲ್ಲ. ಅಗೆಯುವವರು ಕೆಲವರೇ, ಎಲ್ಲರೂ ಸರ್ಕಾರದವರೇ.

ತಾಮ್ರದ ಕಾಲ

ದೂರವಾಣಿಯ ಕಥೆಯೂ ಹಾಗೆಯೇ. 1948ರಲ್ಲಿ ಬೆಂಗಳೂರಿನಲ್ಲೇ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸ್ಥಾಪನೆಯಾಯಿತು. ದೇಶಕ್ಕೆಲ್ಲ ಫೋನ್ ಮಾಡಿಕೊಟ್ಟ ಊರಿನಲ್ಲೂ ಫೋನ್ ಬೇಕೆಂದವರು ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದರು. ಎಕ್ಸ್‌ಚೇಂಜಿನಿಂದ ಹೊರಟ ದಪ್ಪ ಕೇಬಲ್ ನೆಲದಡಿಯಲ್ಲಿ ಬಂದು ರಸ್ತೆ ಮೂಲೆಯ ಪಿಲ್ಲರ್ ಪೆಟ್ಟಿಗೆ ಸೇರುತ್ತಿತ್ತು. ಅಲ್ಲಿಂದ ಮನೆಗೆ ಜೋಡಿ ತಾಮ್ರದ ತಂತಿ. ಮಳೆಗಾಲದಲ್ಲಿ ಕೀಲಿಗೆ ನೀರು ನುಗ್ಗಿದರೆ ಬೀದಿಗೆ ಬೀದಿಯೇ ಮೂಕ. ಆಗ ಕರೆಯಬೇಕಾದದ್ದು ಒಬ್ಬನನ್ನೇ, ಲೈನ್‌ಮನ್‌ನನ್ನು. ಇಲಾಖೆಯ ಕೆಲಸ ನಿಧಾನವಿರಬಹುದು, ಆದರೆ ರಸ್ತೆಯಡಿಯ ತಂತಿ ಯಾರದು ಎಂಬ ಬಗ್ಗೆ ಅನುಮಾನವಿರಲಿಲ್ಲ.

1984ರಲ್ಲಿ ಸ್ಥಾಪನೆಯಾದ ಸಿ–ಡಾಟ್ ಸಂಸ್ಥೆ ರೂಪಿಸಿದ ಸ್ವದೇಶಿ ಗ್ರಾಮೀಣ ಎಕ್ಸ್‌ಚೇಂಜ್ ಮೊದಲು ಕೆಲಸ ಆರಂಭಿಸಿದ್ದು ಕರ್ನಾಟಕದ ಕಿತ್ತೂರಿನಲ್ಲಿ, 1986ರಲ್ಲಿ. ಮಾತು ಹೀಗೆ ಹಳ್ಳಿಗಳನ್ನು ತಲುಪತೊಡಗಿದಾಗಲೇ ನಗರಗಳ ನಡುವೆ ಮಾತನ್ನು ಹೊರುವ ದಾರಿ ತಾಮ್ರದಿಂದ ಗಾಜಿಗೆ ಬದಲಾಗತೊಡಗಿತ್ತು.

ಗಾಜು ಹೊತ್ತ ಮಾತು

ಬಾಗಿದ ಗಾಜಿನ ಎಳೆಯೊಳಗೆ ಬೆಳಕು ಸೋರಿಹೋಗದೆ ಸಾಗುತ್ತದೆ ಎಂಬುದನ್ನು 1950ರ ದಶಕದಲ್ಲಿ ಪ್ರಯೋಗಗಳಿಂದ ತೋರಿಸಿದವರಲ್ಲಿ ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಒಬ್ಬರು. ಆದರೆ ಆಗಿನ ಗಾಜಿನಲ್ಲಿದ್ದ ಕಲ್ಮಶ ಕೆಲವೇ ಮೀಟರ್‌ಗಳಲ್ಲಿ ಬೆಳಕನ್ನು ನುಂಗಿಹಾಕುತ್ತಿತ್ತು. ಗಾಜನ್ನು ಸಾಕಷ್ಟು ಶುದ್ಧ ಮಾಡಿದರೆ ಕಿಲೋಮೀಟರ್‌ಗಟ್ಟಲೆ ಮಾತು ಕಳಿಸಬಹುದು ಎಂದು 1966ರಲ್ಲಿ ಚಾರ್ಲ್ಸ್ ಕಾವೊ ವಾದಿಸಿದರು. 2009ರಲ್ಲಿ ಅವರಿಗೆ ನೊಬೆಲ್ ಬಂತು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿ ಅಂತಹ ಎಳೆಯನ್ನು ತೆಗೆದು ತೋರಿಸಿತು. 1979ರಲ್ಲಿ ಪುಣೆಯಲ್ಲಿ ಭಾರತದ ಮೊದಲ ದೂರವಾಣಿ ದ್ಯುತಿತಂತು ಮಾರ್ಗ ಶುರುವಾಯಿತು.

ಈ ಎಳೆಯ ಒಟ್ಟು ದಪ್ಪ ಒಂದು ಮಿಲಿಮೀಟರಿನ ಎಂಟನೆಯ ಒಂದು ಭಾಗ. ಬೆಳಕು ಹರಿಯುವ ತಿರುಳು ಅದರೊಳಗೂ ಹತ್ತು ಪಾಲಿಗಿಂತ ತೆಳು. ಇಂದಿನ ಒಳ್ಳೆಯ ತಂತುವಿನಲ್ಲಿ ಹದಿನೈದು ಕಿಲೋಮೀಟರ್ ಸಾಗಿದರೂ ಅರ್ಧದಷ್ಟು ಬೆಳಕು ಉಳಿದಿರುತ್ತದೆ. ಅಂದರೆ ರಾಜಾಜಿನಗರದಲ್ಲಿ ಹೊತ್ತಿಸಿದ ದೀಪ ಕೆಂಗೇರಿಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ಬಡಾವಣೆಯ ಒಳಗೆ ಒಂದೇ ಎಳೆಯನ್ನು ಪುಟ್ಟ ಪೆಟ್ಟಿಗೆಯಲ್ಲಿ ಮೂವತ್ತೆರಡು ಅಥವಾ ಅರವತ್ನಾಲ್ಕು ಕವಲುಗಳಾಗಿ ಒಡೆದು ಅಷ್ಟೇ ಮನೆಗಳಿಗೆ ಹಂಚುವುದು ಇಂದಿನ ರೂಢಿ. ಈ ಪೆಟ್ಟಿಗೆಗೆ ವಿದ್ಯುತ್ತೂ ಬೇಡ.

ಮರದಿಂದ ಮರಕ್ಕೆ

ಇಷ್ಟು ಸೂಕ್ಷ್ಮವಾದ ವಸ್ತು ಪಶ್ಚಿಮ ಬೆಂಗಳೂರಿನ ಮನೆಗಳಿಗೆ ಮೊದಲು ಬಂದದ್ದು ಹೆಚ್ಚಾಗಿ ನೆಲದಡಿಯಿಂದಲ್ಲ, ಮರದ ಮೇಲಿನಿಂದ. 1990ರ ದಶಕದ ಆರಂಭದಲ್ಲಿ ಕೇಬಲ್ ಟಿ.ವಿ. ಹರಡಿದಾಗ ಬೀದಿಯ ಹುಡುಗರೇ ಡಿಶ್ ಕೂರಿಸಿ ತಾರಸಿಯಿಂದ ತಾರಸಿಗೆ ತಂತಿ ಎಳೆದರು. ಅದಕ್ಕೊಂದು ಕಾನೂನು ಬಂದದ್ದು 1995ರಲ್ಲಿ. ಅದೇ ವರ್ಷದ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಡತೊಡಗಿತು. 1994ರ ರಾಷ್ಟ್ರೀಯ ದೂರಸಂಪರ್ಕ ನೀತಿ ಖಾಸಗಿಯವರಿಗೂ ಬಾಗಿಲು ತೆರೆದಿತ್ತು. 2000ದಲ್ಲಿ ಇಲಾಖೆಯ ಸೇವೆ ಬಿ.ಎಸ್.ಎನ್.ಎಲ್. ಆಯಿತು, 2005ರಲ್ಲಿ ಅದು ಹಳೆಯ ತಾಮ್ರದ ತಂತಿಯ ಮೇಲೆಯೇ ಬ್ರಾಡ್‌ಬ್ಯಾಂಡ್ ತಂದಿತು.

ಆಮೇಲೆ ಬಂದ ಫೈಬರ್ ಕಂಪನಿಗಳಿಗೆ ಕೇಬಲ್ಲಿನವರು ತೋರಿಸಿದ್ದ ದಾರಿ ಸುಲಭವಾಗಿ ಕಂಡಿತು. ಕಂಬದಿಂದ ಹೊಂಗೆ ಮರಕ್ಕೆ, ಅಲ್ಲಿಂದ ಗೋಡೆಗೆ. ಉಳಿದದ್ದನ್ನು ಸುರುಳಿ ಸುತ್ತಿ ನೇತುಹಾಕುವುದು. ಬಳಕೆ ನಿಂತ ತಂತಿಯನ್ನು ಬಿಚ್ಚುವವರಿಲ್ಲ. ಕಾಲುದಾರಿಯ ಮೇಲೆ ಜೋತುಬಿದ್ದ ಈ ಗೋಜಲು ದ್ವಿಚಕ್ರದವರ ಕುತ್ತಿಗೆಗೆ ಕುಣಿಕೆಯಾಗಬಲ್ಲದು. ತಂತಿಯನ್ನು ನೆಲದಡಿಗೆ ಇಳಿಸಬೇಕೆಂಬ ಕೂಗು ಎದ್ದದ್ದು ಇದರಿಂದಲೇ.

ಕಾಣದ ದಾರಿಯಲ್ಲಿ ಕೊರೆತ

ದೂರದ ಮಾರ್ಗಗಳಲ್ಲಿ ಫೈಬರ್ ಹಾಕಲು ದೂರಸಂಪರ್ಕ ಇಲಾಖೆ ಪಾಲಿಸಿಕೊಂಡು ಬಂದ ಆಳ 1.65 ಮೀಟರ್. ಅಷ್ಟು ಆಳದ ಕಾಲುವೆ ತೋಡಿ, ಸುಮಾರು ನಾಲ್ಕು ಸೆಂಟಿಮೀಟರ್ ದಪ್ಪದ ಪ್ಲಾಸ್ಟಿಕ್ ಕೊಳವೆ ಮಲಗಿಸಿ, ಒತ್ತಿದ ಗಾಳಿಯಿಂದ ಕೇಬಲ್ಲನ್ನು ಅದರೊಳಗೆ ಊದಿ ಸಾಗಿಸುತ್ತಾರೆ. ಬಡಾವಣೆಯ ರಸ್ತೆಯಲ್ಲಿ ಉದ್ದಕ್ಕೂ ತೋಡಲು ಅನುಮತಿ ಸಿಗುವುದು ಕಷ್ಟ, ಮುಚ್ಚುವ ಖರ್ಚೂ ಹೆಚ್ಚು. ಹೀಗಾಗಿ ಅಡ್ಡಕೊರೆತದ ಯಂತ್ರ ಬಂತು. ರಸ್ತೆಯ ಎರಡು ತುದಿಗೆ ಎರಡೇ ಗುಂಡಿ. ಒಂದರಿಂದ ಕಬ್ಬಿಣದ ಸರಳು ನೆಲದೊಳಗೆ ತೂರಿ ಇನ್ನೊಂದರಲ್ಲಿ ಏಳುತ್ತದೆ; ಹಿಂದಕ್ಕೆ ಎಳೆಯುವಾಗ ಕೊಳವೆಯನ್ನು ಕಟ್ಟಿಕೊಂಡು ಬರುತ್ತದೆ. ಡಾಂಬರಿಗೆ ಗೀರೂ ಬೀಳುವುದಿಲ್ಲ.

ಸರಳಿನ ಮೂತಿ ಎಲ್ಲಿದೆ ಎಂಬುದನ್ನು ಮೇಲೆ ಉಪಕರಣ ಹಿಡಿದು ನಡೆಯುವವನು ಬಲ್ಲ. ಅದರ ಎದುರಿಗೆ ಏನಿದೆ ಎಂಬುದು ಅವನಿಗೆ ತಿಳಿಯದು. ನಲವತ್ತು ವರ್ಷದ ಹಿಂದಿನ ಜೇಡಿಮಣ್ಣಿನ ಒಳಚರಂಡಿ ಕೊಳವೆಯನ್ನು ಸರಳು ತೂತು ಮಾಡಿ ಹಾಯ್ದರೆ ಆ ಕ್ಷಣ ಏನೂ ಗೊತ್ತಾಗುವುದಿಲ್ಲ. ಒಳಗೆ ಅಡ್ಡ ನಿಂತ ಪ್ಲಾಸ್ಟಿಕ್ ಕೊಳವೆಗೆ ಕಸ ಸಿಕ್ಕಿ, ವಾರವೋ ತಿಂಗಳೋ ಕಳೆದ ಮೇಲೆ ಮ್ಯಾನ್‌ಹೋಲ್ ಉಕ್ಕುತ್ತದೆ. ಪಕ್ಕದ ನೀರಿನ ಕೊಳವೆಗೂ ಬಿರುಕು ಬಿದ್ದಿದ್ದರೆ ನಲ್ಲಿಯಲ್ಲಿ ವಾಸನೆ ಬರುತ್ತದೆ. ಬಿಟ್ಟು ಬಿಟ್ಟು ನೀರು ಹರಿಸುವ ನಗರದಲ್ಲಿ ಈ ಅಪಾಯ ಇಮ್ಮಡಿ. ಕೊಳವೆ ಬರಿದಾದಾಗ ಅದು ಹೊರಗಿನ ಕೊಳಚೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಅಷ್ಟರಲ್ಲಿ ಕೊರೆದವರು ಊರಿನ ಇನ್ನೊಂದು ಮೂಲೆಯಲ್ಲಿರುತ್ತಾರೆ. ಗುಂಡಿಗೆ ಇಳಿಯುವ ಕೂಲಿಯವರಲ್ಲಿ ಅನೇಕರು ಉತ್ತರ ಕರ್ನಾಟಕದ, ಆಂಧ್ರದ ಬರದ ಸೀಮೆಗಳವರು. ವಿದ್ಯುತ್ ಕೇಬಲ್, ಈಚೆಗೆ ಅಡುಗೆ ಅನಿಲದ ಕೊಳವೆ ಎಲ್ಲಿದೆ ಎಂಬುದನ್ನು ಅವರಿಗೆ ಹೇಳುವವರೂ ಇಲ್ಲ.

ತಂತಿಯಿಲ್ಲದ್ದಕ್ಕೂ ತಂತಿ

ಎಲ್ಲವೂ ನಿಸ್ತಂತು ಆಗುತ್ತಿರುವಾಗ ಈ ಅಗೆತವೇಕೆ ಎಂಬ ಪ್ರಶ್ನೆ ಸಹಜ. ಒದ್ದೆ ಮಣ್ಣು, ಕಾಂಕ್ರೀಟು ರೇಡಿಯೋ ಅಲೆಗಳನ್ನು ಹೀರಿಬಿಡುತ್ತವೆ. ಆದ್ದರಿಂದ ವೈ–ಫೈ ಪೆಟ್ಟಿಗೆ ಕಂಬದ ಮೇಲೋ ಗೋಡೆಯ ಮೇಲೋ ಇರಬೇಕು. ಅಲೆ ಸಾಗುವುದು ಆ ಪೆಟ್ಟಿಗೆಯಿಂದ ಕೈಯಲ್ಲಿನ ಫೋನಿನವರೆಗಿನ ಕೆಲವೇ ಮೀಟರ್. ಅಲ್ಲಿಂದಾಚೆಗೆ ಅದರ ದಾರಿ ಬಹುಮಟ್ಟಿಗೆ ನೆಲದಡಿಯ ಗಾಜೇ. 2014ರ ಜನವರಿಯಲ್ಲಿ ಮಹಾತ್ಮ ಗಾಂಧಿ ರಸ್ತೆ, ಬ್ರಿಗೇಡ್ ರಸ್ತೆ ಮತ್ತು ಯಶವಂತಪುರ ಬಸ್ ನಿಲ್ದಾಣದಂತಹ ಕಡೆ ‘ನಮ್ಮ ವೈ–ಫೈ’ ಉಚಿತವಾಗಿ ಆರಂಭವಾಗಿ, ಕೆಲವು ವರ್ಷಗಳಲ್ಲಿ ಮರೆಗೆ ಸರಿಯಿತು. 2022ರ ಅಕ್ಟೋಬರ್‌ನಲ್ಲಿ ದೇಶಕ್ಕೆ ಬಂದ 5ಜಿಗೆ ಹತ್ತಿರ ಹತ್ತಿರ ಸಣ್ಣ ಗೋಪುರಗಳು ಬೇಕು. ಅವುಗಳಿಗೆ ಇನ್ನಷ್ಟು ಫೈಬರ್ ಬೇಕು. ನಿಸ್ತಂತು ಬೆಳೆದಷ್ಟೂ ನೆಲದಡಿಯ ತಂತು ಹೆಚ್ಚುತ್ತದೆ.

ಇದು ಬರೀ ಮನರಂಜನೆಯ ವಿಷಯವಲ್ಲ ಎಂಬುದನ್ನು 2020ರ ಲಾಕ್‌ಡೌನ್ ಮನಗಾಣಿಸಿತು. ಶಾಲೆ, ಕಚೇರಿ, ವೈದ್ಯರ ಸಲಹೆ ಎಲ್ಲವೂ ಮನೆಗೆ ಬಂದಾಗ ತಂತು ತಲುಪಿದ ಬೀದಿಗೂ ತಲುಪದ ಬೀದಿಗೂ ಇರುವ ಅಂತರ ಬಟಾಬಯಲಾಯಿತು. ಅಗೆತವೇ ಬೇಡವೆಂದರೆ ನಷ್ಟವಾಗುವುದು ಆ ತಲುಪದ ಬೀದಿಗೇ.

ಗುರುತು ಬಿಟ್ಟವರು

ಬೇರೆ ನಗರಗಳೂ ಈ ಗೋಜಲನ್ನು ಹಾದು ಬಂದಿವೆ. ನ್ಯೂಯಾರ್ಕಿನ ಆಕಾಶವನ್ನೇ ಮುಚ್ಚಿದ್ದ ತಂತಿಗಳು 1888ರ ಹಿಮಬಿರುಗಾಳಿಗೆ ಹರಿದುಬಿದ್ದ ಮೇಲೆ ಅಲ್ಲಿ ಅವನ್ನು ನೆಲದಡಿಗೆ ಇಳಿಸುವ ಕೆಲಸ ಬಿರುಸಾಯಿತು. ಪ್ಯಾರಿಸ್ಸಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ, ಆಳು ನಡೆದಾಡಬಹುದಾದ ಚರಂಡಿ ಸುರಂಗಗಳ ಗೋಡೆಗೆ ನೀರಿನ ಕೊಳವೆ, ದೂರವಾಣಿ ತಂತಿ ಬಂದವು; ಈಗ ಫೈಬರ್ ಕೂಡ ಅಲ್ಲೇ ಇದೆ. ಹೊಸದನ್ನು ಹಾಕಲು ರಸ್ತೆ ಒಡೆಯಬೇಕಿಲ್ಲ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಆದಿಲ್‌ಶಾಹಿ ಕಾಲದ ವಿಜಯಪುರಕ್ಕೆ ಬೇಗಂ ತಲಾಬ್‌ನಿಂದ ನೀರು ಮಣ್ಣಿನ ಕೊಳವೆಗಳಲ್ಲಿ ನೆಲದಡಿ ಹರಿದು ಬರುತ್ತಿತ್ತು. ಆ ದಾರಿಯಲ್ಲಿ ಅಲ್ಲಲ್ಲಿ ‘ಗಂಜ್’ ಎಂಬ ಕಲ್ಲಿನ ಗೋಪುರಗಳನ್ನು ಕಟ್ಟಿದ್ದರು. ಅವು ನೀರಿನ ಒತ್ತಡ ತಗ್ಗಿಸುತ್ತಿದ್ದವು, ಹೂಳು ತಂಗಲು ಜಾಗ ಕೊಡುತ್ತಿದ್ದವು. ಬೀದರದ ನೌಬಾದ್‌ನ ಸುರಂಗ ನೀರ್ಗಾಲುವೆಗೆ ಸಾಲಾಗಿ ಗಾಳಿಬಾವಿಗಳಿವೆ. ಗೋಪುರವೋ ಬಾವಿಯೋ ಕಂಡರೆ ಸಾಕು, ಕೆಳಗೆ ನೀರಿನ ದಾರಿ ಇದೆ ಎಂದು ಊರಿಗೆಲ್ಲ ಗೊತ್ತು. ಹೂಳಿದ್ದಕ್ಕೆ ಮೇಲೊಂದು ಗುರುತು ಬಿಡುವ ಈ ವಿವೇಕ ಇಂದಿನ ಯಂತ್ರಗಳಿಗಿಂತ ಶತಮಾನಗಳಷ್ಟು ಹಳೆಯದು.

ಬೆಂಗಳೂರಿನಲ್ಲಿ ಪ್ರಯತ್ನಗಳೇ ಆಗಿಲ್ಲವೆಂದಲ್ಲ. ಟೆಂಡರ್ ಶೂರ್ ಹೆಸರಿನಲ್ಲಿ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ ಮೊದಲಾದವನ್ನು ಪುನರ್ನಿರ್ಮಿಸಿದಾಗ ಪಾದಚಾರಿ ಮಾರ್ಗದಡಿ ಒಂದೊಂದು ಸೇವೆಗೂ ಪ್ರತ್ಯೇಕ ಜಾಗ, ತೆರೆದು ನೋಡಲು ಕೋಣೆ ಮಾಡಿದರು. ಆದರೆ ಅವು ನಗರದ ನಡುವಿನ ಆಯ್ದ ರಸ್ತೆಗಳು. ಪಶ್ಚಿಮದ ಅಡ್ಡರಸ್ತೆಗಳಿಗೆ ಆ ಭಾಗ್ಯ ಬರಲಿಲ್ಲ. ಅಗೆತಕ್ಕೆ ಅನುಮತಿ ಕೊಡುವಾಗ ಎಲ್ಲ ಸಂಸ್ಥೆಗಳನ್ನೂ ಒಂದೆಡೆ ತರಲು ಪಾಲಿಕೆ ಗಣಕ ವ್ಯವಸ್ಥೆಯೊಂದನ್ನು ರೂಪಿಸಿತು. 2016ರ ಕೇಂದ್ರ ನಿಯಮಗಳು ಆಡಳಿತ ಶುಲ್ಕವನ್ನು ಕಿಲೋಮೀಟರಿಗೆ ಹೆಚ್ಚೆಂದರೆ ಒಂದು ಸಾವಿರ ರೂಪಾಯಿಗೆ ಮಿತಿಗೊಳಿಸಿದವು. 1885ರ ತಂತಿ ಕಾಯ್ದೆಯ ಸ್ಥಾನಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂದಿದ್ದು, ಅದರಡಿಯ ಹೊಸ ಮಾರ್ಗಹಕ್ಕು ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ. ಅಗೆಯುವ ಮುನ್ನ ಆ ಜಾಗದಡಿ ಸೇವೆ ಇರುವವರಿಗೆಲ್ಲ ತಿಳಿಸುವ ಮೊಬೈಲ್ ವ್ಯವಸ್ಥೆಯನ್ನು ಕೇಂದ್ರ 2023ರ ಮಾರ್ಚ್‌ನಲ್ಲಿ ಆರಂಭಿಸಿತು. 2025ರ ಸೆಪ್ಟೆಂಬರ್‌ನಲ್ಲಿ ಹಳೆಯ ಪಾಲಿಕೆ ಹೋಗಿ ಐದು ನಗರ ಪಾಲಿಕೆಗಳು ಬಂದವು.

ಕಂಪನಿಗಳಿಗೆ ದಾರಿ ಸುಲಭವಾಗಬೇಕೆಂಬುದರಲ್ಲಿ ತಪ್ಪಿಲ್ಲ. ಆದರೆ ರಸ್ತೆಯ ಒಡಲು ಕಂಪನಿಯದೂ ಅಲ್ಲ, ಕಚೇರಿಯದೂ ಅಲ್ಲ. ಕೆರೆ, ಗುಂಡುತೋಪಿನಂತೆ ಅದೂ ಊರಿನ ಸೊತ್ತು. ಊರಿನ ಸೊತ್ತಿಗೆ ಲೆಕ್ಕ ಇರಬೇಕು. ಹಾಕಿದ ಪ್ರತಿ ಕೊಳವೆಯ ಆಳ, ದಾರಿ, ಒಡೆಯ, ವರ್ಷವನ್ನು ಬರೆದುಕೊಡದೆ ಗುಂಡಿ ಮುಚ್ಚುವಂತಿಲ್ಲ ಎಂಬ ನಿಯಮ ಕಟ್ಟುನಿಟ್ಟಾದರೆ, ಆ ನಕ್ಷೆ ವಾರ್ಡ್ ಕಚೇರಿಯಲ್ಲಿ ಯಾರು ಕೇಳಿದರೂ ಸಿಗುವಂತಾದರೆ, ವಾಲ್ವ್‌ಮನ್‌ನ ತಲೆಯಲ್ಲಿದ್ದ ತಿಳಿವಳಿಕೆ ಊರಿನದಾಗುತ್ತದೆ. ಆಗ ಒಂದು ಬೀದಿಯ ಮಕ್ಕಳ ಪಾಠಕ್ಕಾಗಿ ಹಾಕಿದ ಬೆಳಕಿನ ಎಳೆ ಅದೇ ಬೀದಿಯ ಕುಡಿಯುವ ನೀರನ್ನು ಕೆಡಿಸಬೇಕಾಗಿಲ್ಲ.