ಜೀವಕೋಶದ ಹದ ನೋಡಿದವರ ಕಥೆ

ಮಳೆಯಾದ ಮೇಲೆ ಸೂಡಿಯ ಎರೆಹೊಲಗಳಲ್ಲಿ ನಮ್ಮ ರೈತರು ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿ ಹದ ನೋಡುತ್ತಾರೆ. ಜೋಳ ಸೀತನಿಗೆ ಬಂತೋ ಇಲ್ಲವೋ ಎಂಬುದೂ ಕಾಳನ್ನು ಉಗುರಿನಿಂದ ಒತ್ತಿದರೆ ಗೊತ್ತಾಗುತ್ತದೆ. ಆದರೆ ಕಣ್ಣಿಗೇ ಕಾಣದ ಜೀವಕೋಶವನ್ನು ಒತ್ತಿ ನೋಡುವುದು ಹೇಗೆ? ಈ ಕೆಲಸಕ್ಕೆ ಇಳಿದವರ ಸಾಲಿನಲ್ಲಿ ಬೆಂಗಳೂರಿನವರೂ ಇದ್ದಾರೆ.

1950ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಫ್ರಾನ್ಸಿಸ್ ಕ್ರಿಕ್ ಮತ್ತು ಆರ್ಥರ್ ಹ್ಯೂಸ್ ಒಂದು ಉಪಾಯ ಮಾಡಿದರು. ಕೋಳಿಯ ಜೀವಕೋಶಗಳಿಗೆ ಅಯಸ್ಕಾಂತಕ್ಕೆ ಸಿಗುವ ಪುಡಿ ಕಣಗಳನ್ನು ನುಂಗಿಸಿದರು. ಹೊರಗಿನಿಂದ ಅಯಸ್ಕಾಂತದ ಬಲದಿಂದ ಅವನ್ನು ಎಳೆದರು, ತಿರುಗಿಸಿದರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಬಲ ತೆಗೆದಾಗ ಕಣ ಸ್ವಲ್ಪ ಹಿಂದಕ್ಕೆ ಸರಿಯುತ್ತಿತ್ತು. ಕೋಶದೊಳಗೆ ಇರುವುದು ಬರೀ ನೀರಲ್ಲ, ಅದಕ್ಕೆ ರಬ್ಬರಿನ ಗುಣವೂ ಇದೆ ಎಂದಾಯಿತು. ಮೂರು ವರ್ಷದ ನಂತರ ವಾಟ್ಸನ್ ಜೊತೆ ಡಿಎನ್‌ಎ ರಚನೆ ತಿಳಿಸಿದವರೂ ಇದೇ ಕ್ರಿಕ್.

1986ರಲ್ಲಿ ಎರಡು ಹೊಸ ಸಾಧನಗಳು ಬಂದವು. ಅಮೆರಿಕದ ಆರ್ಥರ್ ಆಶ್ಕಿನ್ ಮತ್ತು ಸಂಗಡಿಗರು ಲೇಸರ್ ಬೆಳಕನ್ನೇ ಚಿಮಟದಂತೆ ಬಳಸಿ ಸಣ್ಣ ಕಣ ಹಿಡಿದು ತೋರಿಸಿದರು. ಬಿನ್ನಿಗ್, ಕ್ವೇಟ್, ಗರ್ಬರ್ ಎಂಬವರು ಸೂಜಿಮೊನೆಯಿಂದ ತಡವಿ ನೋಡುವ ಸೂಕ್ಷ್ಮದರ್ಶಕ ಮಾಡಿದರು. ಮುಂದೆ ಎರಡೂ ಜೀವಕೋಶದ ಹದ ಅಳೆಯಲು ಒದಗಿದವು. ಆಶ್ಕಿನ್‌ಗೆ 2018ರಲ್ಲಿ, 96ನೇ ವಯಸ್ಸಿನಲ್ಲಿ, ನೊಬೆಲ್ ಬಂತು.

ಇನ್ನು ಬೆಂಗಳೂರಿನ ಕೆಲಸ. ನಮ್ಮ ಸೊಂಟದಿಂದ ಕಾಲ್ಬೆರಳಿನವರೆಗೆ ಹೋಗುವ ನರಕೋಶದ ಎಳೆ ಸುಮಾರು ಒಂದು ಮೀಟರ್ ಉದ್ದ. ಬಾಗಿದಾಗ, ಎದ್ದಾಗ ಅದು ಜಗ್ಗುತ್ತದೆ. ಆದರೂ ಹರಿಯುವುದಿಲ್ಲ, ಯಾಕೆ?

ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಪ್ರಮೋದ್ ಪುಲ್ಲರ್ಕಟ್ ಅವರ ತಂಡ, ಪುಣೆಯ ಐಸರ್ ಸಂಸ್ಥೆಯವರ ಜೊತೆ ಸೇರಿ, ಇದನ್ನು ಅಳೆಯಿತು. ಇಲ್ಲಿಯೂ ಕೋಳಿಮರಿಯ ನರಕೋಶಗಳೇ. ತೆಳ್ಳಗೆ ಮಾಡಿದ ಗಾಜಿನ ಎಳೆಯಿಂದ ನರದ ಎಳೆಯನ್ನು ಪಕ್ಕಕ್ಕೆ ನೂಕಿದರು. ಗಾಜು ಎಷ್ಟು ಬಾಗಿತೆಂದು ಅದರ ತುದಿಯ ಲೇಸರ್ ಬೆಳಕು ಹೇಳುತ್ತದೆ. ಬಾಗಿದಷ್ಟು ಬಲ ಎಂದು ಲೆಕ್ಕ.

2020ರಲ್ಲಿ ಪ್ರಕಟವಾದ ಫಲ ಹೀಗಿದೆ: ಜಗ್ಗಿದ ಕೂಡಲೇ ಬಿಗಿತ ಏರುತ್ತದೆ, ಆಮೇಲೆ ತಾನೇ ಇಳಿಯುತ್ತದೆ. ಎಳೆಯೊಳಗಿನ ಸ್ಪೆಕ್ಟ್ರಿನ್ ಎಂಬ ಪ್ರೋಟೀನಿನ ಮಡಿಕೆಗಳು ಸೀರೆಯ ನಿರಿಗೆಯಂತೆ ಬಿಚ್ಚಿಕೊಂಡು ಏಟು ತಾಳುತ್ತವೆ ಎಂಬುದು ಅವರ ವಿವರಣೆ. ಸ್ಪೆಕ್ಟ್ರಿನ್ ಕಡಿಮೆ ಮಾಡಿದಾಗ ಈ ಗುಣವೂ ಕಡಿಮೆಯಾಯಿತು.

ಬೈಕಿನಿಂದ ಬಿದ್ದವರ ತಲೆಗೆ ಪೆಟ್ಟಾದಾಗ ಮಿದುಳಿನ ಇಂಥ ಎಳೆಗಳೇ ಜಗ್ಗಿ ಹಾಳಾಗಬಹುದು. ಎಕ್ಸ್‌ರೇಯಲ್ಲಿ ಎಲುಬು ಮುರಿದದ್ದು ಕಾಣುತ್ತದೆ, ಈ ಪೆಟ್ಟು ಕಾಣುವುದಿಲ್ಲ. ಈ ಅಳತೆ ಔಷಧವಲ್ಲ. ಆದರೆ ನರ ಎಷ್ಟು ತಾಳುತ್ತದೆ, ಹೇಗೆ ತಾಳುತ್ತದೆ ಎಂದು ತಿಳಿಯದೆ ಅದನ್ನು ಉಳಿಸುವ ದಾರಿ ಹುಡುಕುವುದು ಕಷ್ಟ.