ಜೀವಕೋಶ ಪರೀಕ್ಷೆ ಮತ್ತು ಲಿಂಗ ಪತ್ತೆ: ಸಾರ್ವಜನಿಕರಿಗೆ ಮಾಹಿತಿ

ಹೆಗ್ಗರಣೆ ಸೇರಿದಂತೆ ಶಿರಸಿ, ಸಿದ್ದಾಪುರ ಹಾಗೂ ಯಲ್ಲಾಪುರ ತಾಲ್ಲೂಕುಗಳ ನಾಗರಿಕರ ಅವಗಾಹನೆಗಾಗಿ, ಗರ್ಭಸ್ಥ ಶಿಶುವಿನ ವರ್ಣತಂತು ಪರೀಕ್ಷೆ ಮತ್ತು ಅದಕ್ಕೆ ಅನ್ವಯಿಸುವ ಕಾನೂನಿನ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಪರೀಕ್ಷೆಯ ವಿಧಾನ
ಮನುಷ್ಯನ ಜೀವಕೋಶದಲ್ಲಿ ಸಾಮಾನ್ಯವಾಗಿ 46 ವರ್ಣತಂತುಗಳಿರುತ್ತವೆ. ಇವುಗಳ ಪೈಕಿ ಹೆಣ್ಣಿನಲ್ಲಿ ಎರಡು ಎಕ್ಸ್, ಗಂಡಿನಲ್ಲಿ ಒಂದು ಎಕ್ಸ್ ಮತ್ತು ಒಂದು ವೈ ಲಿಂಗ ವರ್ಣತಂತುಗಳಾಗಿರುತ್ತವೆ. 1949ರಲ್ಲಿ ಕೆನಡಾದ ಮರ್ರೆ ಬಾರ್ ಮತ್ತು ಈವರ್ಟ್ ಬರ್ಟ್ರಾಮ್ ಅವರು ಹೆಣ್ಣು ಬೆಕ್ಕಿನ ನರಕೋಶಗಳಲ್ಲಿ ಗಂಡು ಬೆಕ್ಕಿನಲ್ಲಿಲ್ಲದ ಚಿಕ್ಕ ಚುಕ್ಕೆಯೊಂದನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸಿದರು. ನಿಷ್ಕ್ರಿಯಗೊಂಡ ಎಕ್ಸ್ ವರ್ಣತಂತುವೇ ಈ ಚುಕ್ಕೆಯಾಗಿದ್ದು, ಮನುಷ್ಯರ ಕೋಶಗಳಲ್ಲಿಯೂ ಕಂಡುಬರುತ್ತದೆ. ಆದರೆ ಎರಡು ಎಕ್ಸ್ ಹಾಗೂ ಒಂದು ವೈ ಉಳ್ಳ ಗಂಡಿನಲ್ಲಿಯೂ ಚುಕ್ಕೆ ಕಾಣುತ್ತದೆ. ಒಂದೇ ಎಕ್ಸ್ ಉಳ್ಳ ಹೆಣ್ಣಿನಲ್ಲಿ ಕಾಣುವುದಿಲ್ಲ. ಆದ್ದರಿಂದ ವರ್ಣತಂತುಗಳನ್ನೇ ಎಣಿಸಿ, ಜೋಡಿಸಿ ನೋಡುವ ವಿಧಾನವು ಹೆಚ್ಚು ವಿಶ್ವಾಸಾರ್ಹವಾಗಿದೆ.

ಗರ್ಭಿಣಿಯಲ್ಲಿ ಶಿಶುವಿನ ಸುತ್ತಲಿನ ದ್ರವವನ್ನು ಸೂಜಿಯ ಮೂಲಕ ತೆಗೆದು, ಅದರಲ್ಲಿರುವ ಕೋಶಗಳನ್ನು ಬೆಳೆಸಿ ಪರೀಕ್ಷಿಸಲಾಗುತ್ತದೆ. ಡೌನ್ ಸಿಂಡ್ರೋಮ್‌ನಂತಹ ನ್ಯೂನತೆಗಳು ಇದರಿಂದ ತಿಳಿಯುತ್ತವೆ. ಅದೇ ಪರೀಕ್ಷೆಯಲ್ಲಿ ಲಿಂಗವೂ ಕಾಣುವುದರಿಂದ ಕಾನೂನಿನ ನಿರ್ಬಂಧ ಅಗತ್ಯವಾಯಿತು.

ಕಾನೂನಿನ ಉಪಬಂಧಗಳು
1994ರ ಪ್ರಸವಪೂರ್ವ ಪರೀಕ್ಷಾ ತಂತ್ರಗಳ ಕಾಯ್ದೆಯು 1996ರ ಜನವರಿ 1ರಿಂದ ಜಾರಿಗೆ ಬಂದಿದ್ದು, 2003ರಲ್ಲಿ ತಿದ್ದುಪಡಿಯೊಂದಿಗೆ ಇನ್ನಷ್ಟು ಬಿಗಿಗೊಂಡಿತು. ಅದರಂತೆ ನೋಂದಾಯಿತ ಕೇಂದ್ರಗಳಲ್ಲಿ ಈ ಕೆಳಕಂಡ ಸಂದರ್ಭಗಳಲ್ಲಿ ಮಾತ್ರ ಪರೀಕ್ಷೆಗೆ ಅವಕಾಶವಿರುತ್ತದೆ:

1. ಗರ್ಭಿಣಿಯ ವಯಸ್ಸು 35 ವರ್ಷ ಮೀರಿದ್ದಲ್ಲಿ.
2. ಎರಡು ಅಥವಾ ಹೆಚ್ಚು ಬಾರಿ ತಾನಾಗಿಯೇ ಗರ್ಭಪಾತ ಅಥವಾ ಭ್ರೂಣನಷ್ಟವಾಗಿದ್ದಲ್ಲಿ.
3. ಶಿಶುವಿಗೆ ಹಾನಿಕರವಾದ ಔಷಧಿ, ವಿಕಿರಣ, ಸೋಂಕು ಅಥವಾ ರಾಸಾಯನಿಕಗಳ ಸಂಪರ್ಕವಾಗಿದ್ದಲ್ಲಿ.
4. ದಂಪತಿಗಳ ಕುಟುಂಬದಲ್ಲಿ ಬುದ್ಧಿಮಾಂದ್ಯತೆ, ಅಂಗವೈಕಲ್ಯ ಅಥವಾ ಅನುವಂಶೀಯ ರೋಗಗಳಿದ್ದಲ್ಲಿ.

ಪರೀಕ್ಷೆಗೆ ಮುನ್ನ ಅಡ್ಡಪರಿಣಾಮಗಳನ್ನು ವಿವರಿಸಿ, ಗರ್ಭಿಣಿಗೆ ತಿಳಿಯುವ ಭಾಷೆಯಲ್ಲಿ ಲಿಖಿತ ಒಪ್ಪಿಗೆ ಪಡೆದು, ಅದರ ಪ್ರತಿಯನ್ನು ಆಕೆಗೆ ನೀಡತಕ್ಕದ್ದು. ಪ್ರತಿಯನ್ನು ಕೇಳಿ ಪಡೆಯುವುದು. ಮಾತಿನಿಂದಾಗಲಿ, ಸನ್ನೆಯಿಂದಾಗಲಿ ಲಿಂಗವನ್ನು ಗರ್ಭಿಣಿಗೆ ಅಥವಾ ಬಂಧುಗಳಿಗೆ ತಿಳಿಸುವುದು ನಿಷಿದ್ಧ.

ದಂಡನೆ
ಲಿಂಗ ಪತ್ತೆಗಾಗಿ ಪರೀಕ್ಷೆ ಕೋರುವವರಿಗೆ ಮೊದಲ ಅಪರಾಧಕ್ಕೆ 3 ವರ್ಷಗಳವರೆಗೆ ಕಾರಾವಾಸ ಹಾಗೂ ರೂ. 50,000ದವರೆಗೆ ದಂಡ ವಿಧಿಸಬಹುದಾಗಿದೆ. ಒತ್ತಾಯಕ್ಕೊಳಗಾದ ಗರ್ಭಿಣಿಗೆ ಈ ಶಿಕ್ಷೆ ಅನ್ವಯಿಸುವುದಿಲ್ಲ. ಗಂಡ ಅಥವಾ ಬಂಧುಗಳೇ ಒತ್ತಾಯಿಸಿದ್ದಾರೆಂದು, ಬೇರೆ ರೀತಿ ರುಜುವಾತಾಗುವವರೆಗೆ, ನ್ಯಾಯಾಲಯವು ಭಾವಿಸತಕ್ಕದ್ದು. ಆದ್ದರಿಂದ ಒತ್ತಾಯವಿದ್ದಲ್ಲಿ ಮಹಿಳೆಯರು ದೂರು ನೀಡಲು ಹಿಂಜರಿಯಬೇಕಾಗಿಲ್ಲ.

ದೂರು ಸಲ್ಲಿಕೆ
ಉಲ್ಲಂಘನೆ ಕಂಡುಬಂದಲ್ಲಿ ಜಿಲ್ಲಾ ಸಕ್ಷಮ ಪ್ರಾಧಿಕಾರಕ್ಕೆ ಲಿಖಿತ ದೂರು ಸಲ್ಲಿಸುವುದು. ಕನಿಷ್ಠ 15 ದಿನಗಳ ನೋಟಿಸು ನೀಡಿದ ನಂತರ ನಾಗರಿಕರು ನೇರವಾಗಿ ನ್ಯಾಯಾಲಯಕ್ಕೂ ದೂರು ಸಲ್ಲಿಸಬಹುದು.

ರಾಜ್ಯದಲ್ಲಿ 6 ವರ್ಷದೊಳಗಿನ ಪ್ರತಿ 1000 ಗಂಡು ಮಕ್ಕಳಿಗೆ 1991ರಲ್ಲಿ 960 ಹೆಣ್ಣು ಮಕ್ಕಳಿದ್ದು, 2001ರಲ್ಲಿ ಈ ಸಂಖ್ಯೆ 946ಕ್ಕೆ ಇಳಿಯಿತು. 2011ರಲ್ಲಿ 948 ಇತ್ತು. ರೋಗ ಪತ್ತೆಗೆ ಮೀಸಲಾದ ಪರೀಕ್ಷೆಯನ್ನು ಆ ಉದ್ದೇಶಕ್ಕೆ ಮಾತ್ರ ಬಳಸಿಕೊಳ್ಳಲು ಸಾರ್ವಜನಿಕರನ್ನು ಕೋರಲಾಗಿದೆ.