ಲಂಡನ್ನಿನ ಚಪ್ಪಾಳೆ

1986ರ ದೀಪಾವಳಿಯ ಹೊತ್ತಿಗೆ ನಾನು ಮುಂಬಯಿಯಿಂದ ಕುಂದಾಪುರದ ಹತ್ತಿರದ ನಮ್ಮೂರಿಗೆ ಒಂದು ಕ್ಯಾಸೆಟ್ಟು ಕಳಿಸಿದ್ದೆ. ಫೋರ್ಟಿನ ಬೇರೆ ಬೇರೆ ಬ್ಯಾಂಕುಗಳಲ್ಲಿದ್ದ ನಾವು ಕೆಲವು ಕನ್ನಡಿಗರು ಸೇರಿ ಮಾಟುಂಗದಲ್ಲಿ ನಡೆಸಿದ ತಾಳಮದ್ದಲೆಯ ರೆಕಾರ್ಡಿಂಗು ಅದು. ಅರ್ಥ ಹೇಳುವ ಶಕ್ತಿ ನನಗಿರಲಿಲ್ಲ. ಮೈಕು ಹಿಡಿದು ಎಲ್ಲರನ್ನೂ ಪರಿಚಯಿಸುವುದಷ್ಟೇ ನನ್ನ ಕೆಲಸ. ರೆಕಾರ್ಡಾದದ್ದನ್ನು ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಇಳಿಸುವಾಗ ಒಂದು ಕಿತಾಪತಿ ಮಾಡಿದೆ. ಕಡೆಗೆ ಬಿದ್ದಿದ್ದ ಚಪ್ಪಾಳೆಯನ್ನು ಮೊದಲಿಗೆ, ನನ್ನ ಪರಿಚಯದ ಮಾತಿನ ಹಿಂದೆಯೇ ಸೇರಿಸಿದೆ. ಎರಡು ಟೂ-ಇನ್-ಒನ್ ಎದುರುಬದುರು ಇಟ್ಟು ಮಾಡಿದ ಕೆಲಸ, ನಡುವೆ ‘ಟಕ್’ ಎಂದು ಶಬ್ದ ಬರುತ್ತಿತ್ತು.

ಊರಿಗೆ ಹೋದಾಗ ಅಪ್ಪಯ್ಯ ಆ ಮೊದಲ ಎರಡು ನಿಮಿಷವನ್ನೇ ತಿರುಗಿಸಿ ತಿರುಗಿಸಿ ಹಾಕಿ ಬಂದವರಿಗೆಲ್ಲ ಕೇಳಿಸುತ್ತಿದ್ದರು. “ಅಲ್ಲಿ ಅಷ್ಟ್ ಜನ ಸೇರ್ತ್ರಾ ಮಗಾ?” ಎಂದು ಕೇಳಿದರು. ಹೌದು ಎಂದೆ. ಸೇರಿದ್ದವರು ಎಂಬತ್ತು ಜನ, ಅದರಲ್ಲಿ ಅರ್ಧ ನಮ್ಮ ನಮ್ಮ ಮನೆಯವರೇ.

ಈ ಮಾತು ಮತ್ತೆ ನೆನಪಾದದ್ದು ನಿವೃತ್ತನಾದ ಮೇಲೆ, ಅಮೆರಿಕದ ಒಂದು ಹಿಪ್‌ಹಾಪ್ ಆಲ್ಬಂನಿಂದ ಎಂದರೆ ನೀವು ನಗಬಹುದು. ಆ ಆಲ್ಬಂ ನಮ್ಮ ಡೊಂಬಿವಲಿಯ ಮನೆಗೆ ಬಂದದ್ದು 2005ರಲ್ಲಿ, ಆಗ ಹದಿನಾರು ವರ್ಷದವನಾಗಿದ್ದ ಮಗನ ಮೂಲಕ. ಹಾಕಿದ ಕೂಡಲೇ ಜನರ ಬೊಬ್ಬೆ, ಅದರ ಮೇಲೆ ಯುದ್ಧಕಾಲದ ಸೈರನ್ನು. “ಎಂಥ ಗಲಾಟೆ ಇದು, ನಿಲ್ಲಿಸು” ಎಂದೆ. “ಪಪ್ಪಾ, ಹಾಡು ಇನ್ನೂ ಶುರುವೇ ಆಗಿಲ್ಲ” ಎಂದ. ನಾನೇ ಎದ್ದು ಸ್ವಿಚ್ ಆರಿಸಿದೆ. ಆಮೇಲೆ ಅವನು ಇಯರ್‌ಫೋನಿಗೆ ಹೋದ. ಅವನು ಏನು ಕೇಳುತ್ತಾನೆಂದು ನನಗೆ ತಿಳಿಯಲಿಲ್ಲ, ನಾನು ಕೇಳಲೂ ಇಲ್ಲ.

2019ರಲ್ಲಿ ‘ಗಲ್ಲಿ ಬಾಯ್’ ಸಿನಿಮಾ ಬಂದು, ಮುಂಬಯಿಯ ಗಲ್ಲಿಗಳ ರ‍್ಯಾಪ್ ಹಾಡುಗಳು ಲೋಕಲ್ ಟ್ರೈನಿನಲ್ಲೂ ಕಿವಿಗೆ ಬೀಳತೊಡಗಿದವು. ಪುಣೆಯಲ್ಲಿ ಕೆಲಸಕ್ಕಿದ್ದ ಮಗನಿಗೆ ಫೋನು ಮಾಡಿ, “ನೀನು ಆವತ್ತು ಹಾಕಿದ್ದು ಏನು ಮಾರಾಯ?” ಎಂದು ಕೇಳಿದೆ. ಮುಂದಿನ ಶನಿವಾರ ಮನೆಗೆ ಬಂದು ನನ್ನ ಪಕ್ಕ ಕೂತು ಹೇಳಿದ. ಮುಂದೆ ಬರೆಯುವುದರಲ್ಲಿ ಬಹಳಷ್ಟು ಅವನು ಹೇಳಿದ್ದು, ಉಳಿದದ್ದು ನಾನು ಓದಿ ತಾಳೆ ನೋಡಿದ್ದು. ಬ್ಯಾಂಕಿನವನಿಗೆ ತಾಳೆ ನೋಡದೆ ಸಹಿ ಹಾಕುವ ಅಭ್ಯಾಸವಿಲ್ಲ.

ಹಿಪ್‌ಹಾಪ್ ಹುಟ್ಟಿದ್ದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ. ಅದರ ಹುಟ್ಟುಹಬ್ಬದ ದಿನವೆಂದು ಹೇಳುವ 1973ರ ಆಗಸ್ಟ್ 11ರಂದು ರೆಕಾರ್ಡು ತಿರುಗಿಸಿದ ಕೂಲ್ ಹರ್ಕ್ ಜಮೈಕಾದಿಂದ ಹುಡುಗನಾಗಿದ್ದಾಗ ಬಂದವನು, ನಮ್ಮ ಹಾಗೆ ಊರು ಬಿಟ್ಟವನು. ರ‍್ಯಾಪ್ ಹಾಡುವವರನ್ನು ‘ಎಂಸಿ’ ಎನ್ನುತ್ತಾರೆ. ಮಾಸ್ಟರ್ ಆಫ್ ಸೆರೆಮನೀಸ್, ಅಂದರೆ ನಿರೂಪಕ. ರೆಕಾರ್ಡು ಹಾಕುವವನ ಪಕ್ಕ ನಿಂತು ಜನರನ್ನು ಹುರಿದುಂಬಿಸುವುದು ಅವರ ಮೊದಲ ಕೆಲಸವಾಗಿತ್ತು. ಮಾಟುಂಗದಲ್ಲಿ ನಾನು ಮಾಡಿದ್ದೂ ಅದೇ ಜಾತಿಯ ಕೆಲಸ ಎಂದು ಮಗ ಹೇಳಿದಾಗ ಒಳಗೊಳಗೇ ಖುಷಿಯಾಯಿತು.

ಮಗ ಅಂದು ಹಾಕಿದ ಆಲ್ಬಂ ‘ಪಬ್ಲಿಕ್ ಎನಿಮಿ’ ತಂಡದ್ದು. ಹೆಸರು ‘ಇಟ್ ಟೇಕ್ಸ್ ಎ ನೇಷನ್ ಆಫ್ ಮಿಲಿಯನ್ಸ್ ಟು ಹೋಲ್ಡ್ ಅಸ್ ಬ್ಯಾಕ್’, ಬಂದದ್ದು 1988ರಲ್ಲಿ. ತಂಡದವರು ನ್ಯೂಯಾರ್ಕಿನ ಪಕ್ಕದ ಲಾಂಗ್ ಐಲ್ಯಾಂಡಿನ ಕರಿಯ ಯುವಕರು. ಮುಂದಾಳು ಚಕ್ ಡಿ, ಅಡೆಲ್ಫಿ ವಿಶ್ವವಿದ್ಯಾಲಯದಲ್ಲಿ ಓದಿದವನು. ಅಲ್ಲಿನ ಕ್ಯಾಂಪಸ್ ರೇಡಿಯೋದಲ್ಲೇ ಅವನೂ ಗೆಳೆಯ ಹ್ಯಾಂಕ್ ಶಾಕ್ಲಿಯೂ ಪಳಗಿದ್ದು. ತಂಡದ ಮೊದಲ ಆಲ್ಬಂ 1987ರಲ್ಲಿ ಬಂತು. ತಾಯ್ನಾಡಿನಲ್ಲಿ ಅದಕ್ಕೆ ಅಂಥ ದೊಡ್ಡ ಸ್ವಾಗತವೇನೂ ಸಿಗಲಿಲ್ಲ. ಆದರೆ ಬ್ರಿಟನ್ನಿನ ‘ಎನ್‌ಎಂಇ’ ಪತ್ರಿಕೆ ಅದನ್ನು ಆ ವರ್ಷದ ಶ್ರೇಷ್ಠ ಆಲ್ಬಂ ಎಂದು ಆರಿಸಿತು. ಮನೆಯಲ್ಲಿ ಸಿಗದ ಮರ್ಯಾದೆ ಹೊರಗೆ ಸಿಕ್ಕಿತು.

ಅದೇ ವರ್ಷ ನವೆಂಬರ್‌ನಲ್ಲಿ ತಂಡ ಎಲ್‌ಎಲ್ ಕೂಲ್ ಜೆ ಮೊದಲಾದವರ ಜೊತೆ ಲಂಡನ್ನಿಗೆ ಹೋಯಿತು. ಕಾರ್ಯಕ್ರಮ ನಡೆದದ್ದು ಹ್ಯಾಮರ್‌ಸ್ಮಿತ್ ಓಡಿಯನ್‌ನಲ್ಲಿ. 1932ರಲ್ಲಿ ಚಿತ್ರಮಂದಿರವಾಗಿ ತೆರೆದದ್ದು ಅದು, ಮೂರು ಸಾವಿರಕ್ಕೂ ಹೆಚ್ಚು ಜನ ಹಿಡಿಸುವ ಸಭಾಂಗಣ. ವೇದಿಕೆಗೆ ಬಂದು ಜನರನ್ನು ಮಾತಾಡಿಸಿದವನು ಬಿಬಿಸಿಯ ರೇಡಿಯೋ ನಿರೂಪಕ ಡೇವ್ ಪಿಯರ್ಸ್. ಇದೆಲ್ಲ ರೆಕಾರ್ಡಾಯಿತು.

ಎರಡನೆಯ ಆಲ್ಬಂ ಕಟ್ಟುವಾಗ ಈ ರೆಕಾರ್ಡಿಂಗಿನ ತುಂಡೇ ಮೊದಲ ಟ್ರ್ಯಾಕ್ ಆಯಿತು. ಹೆಸರು ‘ಕೌಂಟ್‌ಡೌನ್ ಟು ಆರ್ಮಗೆಡನ್’, ಉದ್ದ ಒಂದು ನಿಮಿಷ ನಲವತ್ತು ಸೆಕೆಂಡಿನಷ್ಟು. ಅದರಲ್ಲಿ ಹಾಡೇ ಇಲ್ಲ. ಪಿಯರ್ಸ್‌ನ ಕರೆ, ಜನರ ಕೂಗು, ಸೈರನ್ನು, ಆಮೇಲೆ ಪ್ರೊಫೆಸರ್ ಗ್ರಿಫ್ ಎಂಬ ಸದಸ್ಯನ ಗುಡುಗಿನಂಥ ಎಚ್ಚರಿಕೆ. ಮುಖ್ಯ ಹಾಡುಗಾರ ಚಕ್ ಡಿ ಬಾಯಿ ಬಿಡುವುದು ಮುಂದಿನ ಟ್ರ್ಯಾಕಿನಲ್ಲಿ, ‘ಬ್ರಿಂಗ್ ದ ನಾಯ್ಸ್’ನಲ್ಲಿ. ನಮ್ಮ ಕಡೆ ಬಯಲಾಟದ ದಿನ ಸಂಜೆ ಚಂಡೆಯಲ್ಲಿ ಕೇಳಿ ಬಾರಿಸುತ್ತಾರಲ್ಲ, ಅದು ಕಥೆಯ ಭಾಗವಲ್ಲ, ಆದರೂ ಅದಿಲ್ಲದೆ ಆಟ ಏಳುವುದಿಲ್ಲ. ಸೈರನ್ನು ಅವರ ಕೇಳಿ ಎಂದುಕೊಂಡ ಮೇಲೆ ನನಗೆ ಅದು ಗಲಾಟೆ ಅನ್ನಿಸಲಿಲ್ಲ.

ತಯಾರಿಯ ಲೆಕ್ಕಾಚಾರ ಇನ್ನೂ ಸ್ವಾರಸ್ಯದ್ದು. ಶಾಕ್ಲಿ ಮತ್ತು ಜೊತೆಯವರ ಕೂಟಕ್ಕೆ ‘ಬಾಂಬ್ ಸ್ಕ್ವಾಡ್’ ಎಂದು ಹೆಸರು. ಹಳೆಯ ರೆಕಾರ್ಡುಗಳಿಂದ ಚೂರು ಚೂರು ಶಬ್ದ ತೆಗೆದು ಒಂದರ ಮೇಲೊಂದು ಪೇರಿಸುತ್ತಿದ್ದರು. ಅವರು ಬಳಸಿದ ಎಸ್‌ಪಿ-1200 ಎಂಬ ಯಂತ್ರ ಒಟ್ಟು ಹತ್ತು ಸೆಕೆಂಡಿನಷ್ಟು ಶಬ್ದವನ್ನು ಮಾತ್ರ ಹಿಡಿದಿಡುತ್ತಿತ್ತು. ಅದು ಕ್ಯಾಸೆಟ್ಟಿನ ಕಾಲ. ಬದಿಗೆ ಅರ್ಧ ಗಂಟೆಯಂತೆ ಒಟ್ಟು ಒಂದು ಗಂಟೆ, ನಡುವೆ ಮೌನ ಇರಕೂಡದು ಎಂದು ಗುರಿ ಇಟ್ಟುಕೊಂಡರು. ಹಾಡು ಹಾಡಿನ ನಡುವೆ ಲಂಡನ್ನಿನ ಜನರ ಕೂಗನ್ನು ಬೆಸುಗೆಯಂತೆ ಸೇರಿಸಿದರು.

ಮೊದಲು ಯೋಚಿಸಿದ ಕ್ರಮದಲ್ಲಿ ಈ ಬದಿ ಎರಡನೆಯದಾಗಿತ್ತು. ಮಾಸ್ಟರಿಂಗಿಗೆ ಹೋಗುವ ಹೊತ್ತಿಗೆ ಶಾಕ್ಲಿ ಎರಡೂ ಬದಿಗಳನ್ನು ಅದಲುಬದಲು ಮಾಡಿದ. ಹಾಗಾಗಿ ಲಂಡನ್ನಿನ ಬೊಬ್ಬೆ ಇಡೀ ಆಲ್ಬಂನ ಹೆಬ್ಬಾಗಿಲಾಯಿತು. ನ್ಯೂಯಾರ್ಕಿನಲ್ಲೋ ಚಿಕಾಗೋದಲ್ಲೋ ಕ್ಯಾಸೆಟ್ಟು ಹಾಕಿದ ಹುಡುಗನಿಗೆ ಮೊದಲು ಕೇಳುವುದು ತನ್ನೂರಿನ ದನಿಯಲ್ಲ, ಕಡಲಾಚೆಯ ಇಂಗ್ಲಿಷರ ದನಿ. ನೋಡಿ, ಅಲ್ಲಿ ನಮ್ಮನ್ನು ಹೀಗೆ ಬರಮಾಡಿಕೊಂಡರು, ನೀವೇನು ಮಾಡುತ್ತೀರಿ ಎಂದು ತಮ್ಮವರನ್ನೇ ಕೇಳಿದ ಹಾಗೆ. ನಾನು ಅದನ್ನು ಕೇಳುವುದು ಹಾಗೆಯೇ.

ಊರಿನವರು ಉತ್ತರ ಕೊಟ್ಟರು. ನ್ಯೂಯಾರ್ಕಿನ ‘ವಿಲೇಜ್ ವಾಯ್ಸ್’ ಪತ್ರಿಕೆ ನಡೆಸುತ್ತಿದ್ದ ವಿಮರ್ಶಕರ ಮತದಾನದಲ್ಲಿ 1988ರ ಶ್ರೇಷ್ಠ ಆಲ್ಬಂ ಇದೇ ಆಯಿತು. 1989ರ ಹೊತ್ತಿಗೆ ಹತ್ತು ಲಕ್ಷ ಪ್ರತಿಯ ಗುರುತಾದ ‘ಪ್ಲಾಟಿನಂ’ ಪ್ರಮಾಣಪತ್ರವೂ ಬಂತು. ಎಲ್ಲವೂ ಹೂವಿನ ದಾರಿಯಾಗಿರಲಿಲ್ಲ. ಅದೇ 1989ರಲ್ಲಿ ಗ್ರಿಫ್ ಸಂದರ್ಶನವೊಂದರಲ್ಲಿ ಯಹೂದಿಗಳ ಬಗ್ಗೆ ಆಡಿದ ಕೆಟ್ಟ ಮಾತಿನಿಂದ ತಂಡವೇ ಒಡೆಯುವ ಸ್ಥಿತಿ ಬಂತು. ಬಾಗಿಲಲ್ಲಿ ನಿಂತು ಕೂಗಿದ ದನಿಯೇ ಮನೆಗೆ ಅಪಾಯ ತಂದದ್ದನ್ನೂ ಲೆಕ್ಕದಲ್ಲಿ ಬರೆಯಬೇಕು.

2008ರಲ್ಲಿ, ಇಪ್ಪತ್ತು ವರ್ಷದ ಮೇಲೆ, ತಂಡ ಇಡೀ ಆಲ್ಬಮ್ಮನ್ನು ವೇದಿಕೆಯಲ್ಲಿ ನುಡಿಸಿತು. ಮೇ ತಿಂಗಳಲ್ಲಿ ಬ್ರಿಟನ್ನಿನಲ್ಲಿ, ಜುಲೈಯಲ್ಲಿ ಚಿಕಾಗೋದ ಪಿಚ್‌ಫೋರ್ಕ್ ಉತ್ಸವದಲ್ಲಿ. ಆಗ ಈ ಮೊದಲ ಟ್ರ್ಯಾಕಿಗೆ ವಿಚಿತ್ರ ಪಾತ್ರ. ಒಂದು ರಾತ್ರಿ ವೇದಿಕೆಯಿಂದ ಹಿಡಿದು ತಂದದ್ದು ಕ್ಯಾಸೆಟ್ಟಾಗಿ, ಕ್ಯಾಸೆಟ್ಟಿನಿಂದ ಮತ್ತೆ ವೇದಿಕೆಗೆ ಬಂತು. 1987ರ ಲಂಡನ್ನಿನವರನ್ನು ಸ್ವಾಗತಿಸಲು ಹುಟ್ಟಿದ್ದು ಈಗ ಚಿಕಾಗೋದವರನ್ನು ಎಬ್ಬಿಸುವ ಕೇಳಿಯಾಗಿ ಕೆಲಸ ಮಾಡಿತು.

ಕೇಳಿ ಮುಗಿದ ಮೇಲೆ ಮಗನಿಗೆ ನನ್ನ 1986ರ ಕಿತಾಪತಿ ಹೇಳಿದೆ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಹ್ಯಾಮರ್‌ಸ್ಮಿತ್‌ನ ಚಪ್ಪಾಳೆ ನಿಜ, ನನ್ನದು ಜಾಗ ಬದಲಿಸಿದ್ದು ಎಂದೆ. “ಶಾಕ್ಲಿಯೂ ಜಾಗ ಬದಲಿಸಿದ್ದೇ ಅಲ್ವಾ ಪಪ್ಪಾ” ಎಂದು ನಕ್ಕ. ನನಗೆ ಅಷ್ಟು ಸುಲಭದಲ್ಲಿ ಬಿಡುಗಡೆ ಬೇಡ. ಊರಿನಲ್ಲಿರುವ ನಿಮಗೆ ಇದನ್ನು ಹೇಳಬೇಕು: ಹೊರನಾಡಿನಿಂದ ನಾವು ಕಳಿಸುವ ಫೋಟೋ, ಕ್ಯಾಸೆಟ್ಟು, ಸಂಘದ ಸ್ಮರಣ ಸಂಚಿಕೆಗಳಲ್ಲಿ ಸ್ವಲ್ಪ ಚಪ್ಪಾಳೆ ಹೆಚ್ಚೇ ಇರುತ್ತದೆ. ನಾವು ಇಲ್ಲಿ ಯಾರೋ ಒಬ್ಬರಾಗಿದ್ದೇವೆ ಎಂದು ನೀವು ನಂಬಬೇಕು, ಅಷ್ಟೇ ಆಸೆ.

ಅಪ್ಪಯ್ಯ 1994ರಲ್ಲಿ ತೀರಿಕೊಂಡರು. ಕ್ಯಾಸೆಟ್ಟು ಊರಿನ ಕಪಾಟಿನಲ್ಲಿ ಸಿಕ್ಕಿತು, ಬೂಸ್ಟು ಹಿಡಿದಿತ್ತು. ಮಗ ಅದನ್ನು ಪುಣೆಗೆ ಒಯ್ದು ಒರೆಸಿ ಕಂಪ್ಯೂಟರಿಗೆ ಇಳಿಸಿದ. ಚಪ್ಪಾಳೆಗಿಂತ ಮೊದಲು ಬರುವ ಆ ‘ಟಕ್’ ಶಬ್ದ ಸ್ಪಷ್ಟವಾಗಿ ಕೇಳುತ್ತದೆ. ದಿನಾ ಕೇಳುತ್ತಿದ್ದ ಅಪ್ಪಯ್ಯನಿಗೆ ಅದು ಕೇಳಿಸಲಿಲ್ಲವೇ, ಕೇಳಿಸಿಯೂ ಸುಮ್ಮನಿದ್ದರೇ ಎಂದು ಈಗ ಕೇಳುವ ಹಾಗಿಲ್ಲ. ಅವರು ಸ್ವಿಚ್ ಮಾತ್ರ ಆರಿಸಲಿಲ್ಲ.